ಸುಂಕದಕಟ್ಟೆಯಿಂದ ಚೆಕ್‌ಪೋಸ್ಟಿನವರೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನು ನಕ್ಷೆಯಲ್ಲಿ ನೋಡಿದರೆ ಮೂರೂ ಘಟ್ಟದ ಅಂಚಿಗೆ ಬೆನ್ನು ಕೊಟ್ಟು ಕೂತಂತೆ ಕಾಣುತ್ತವೆ. ಸಾಗರದಿಂದ ಕೋಗಾರು ಘಟ್ಟ ಇಳಿದರೆ ಭಟ್ಕಳ. ನಗರದಿಂದ ಹುಲಿಕಲ್ ಘಟ್ಟ ಇಳಿದರೆ ಹೊಸಂಗಡಿ, ಅಲ್ಲಿಂದ ಕುಂದಾಪುರ. ತೀರ್ಥಹಳ್ಳಿಯಿಂದ ಆಗುಂಬೆ ಇಳಿದರೆ ಸೋಮೇಶ್ವರ, ಹೆಬ್ರಿ. ಇನ್ನೊಂದು ಕಡೆ, ಮೂಡಣಕ್ಕೆ, ಶಿಕಾರಿಪುರ ದಾಟಿದರೆ ಬಯಲುಸೀಮೆ. ನಮ್ಮ ಮಲೆನಾಡಿನ ಚರಿತ್ರೆ ಬರೆದವರು ಈ ದಾರಿಗಳಲ್ಲಿ ಹೋದ ಮೆಣಸು, ಅಡಿಕೆ, ಅಕ್ಕಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅವುಗಳನ್ನು ಹೊತ್ತ ದನಗಳ ಬಗ್ಗೆ, ದನವೇ ಸರಕಾಗಿ ಹತ್ತಿ ಇಳಿದ ಬಗ್ಗೆ ಬರೆದದ್ದು ಕಡಿಮೆ. ಇವತ್ತು ದನ ಅಂದರೆ ಸಾಕು, ಮಾತು ನೇರ ಜಗಳಕ್ಕೇ ಹೋಗುತ್ತದೆ. ಅದಕ್ಕೆ ಮುಂಚೆ ಅಲ್ಲೊಂದು ವ್ಯವಹಾರ ಇತ್ತು, ಆ ವ್ಯವಹಾರಕ್ಕೊಂದು ಚರಿತ್ರೆ ಇತ್ತು ಎಂಬುದನ್ನು ನೆನಪಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸಾದಾ ವಿಷಯ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ನಾನು ಹುಡುಗನಾಗಿದ್ದಾಗ ಕೊಟ್ಟಿಗೆ ತುಂಬ ದನ ಇದ್ದವು. ಕರೆಯುವ ಹಸುಗಳು ಅಲ್ಲೇ ಹುಟ್ಟಿದವು, ಈಗ ಮಲೆನಾಡು ಗಿಡ್ಡ ಎಂದು ಕರೆಯುವ ಸಣ್ಣ ಜಾತಿಯವು. ಆದರೆ ಗಾಡಿ ಎಳೆಯುವ ಜೋಡಿಯನ್ನು ಅಜ್ಜ ಯಾವಾಗಲೂ ‘ಬಯಲುಸೀಮೆ ಎತ್ತು’ ಎಂದೇ ಕರೆಯುತ್ತಿದ್ದರು. ಹಾವೇರಿ ಕಡೆಯಿಂದಲೋ ರಾಣೆಬೆನ್ನೂರಿನ ಸಂತೆಯಿಂದಲೋ ಬಂದ ಎತ್ತುಗಳು ಅವು. ಮನೆಗೆ ಬಂದು ಹತ್ತು ವರ್ಷ ಆದರೂ ಅವು ಬಯಲುಸೀಮೆಯವೇ. ಅವುಗಳಿಗೆ ಬೇರೆ ಹುಲ್ಲು, ಮಳೆಗಾಲದಲ್ಲಿ ಬೇರೆ ಆರೈಕೆ. ಹೆಸರಿನಲ್ಲೇ ಒಂದು ಗಡಿ ದಾಟಿದ ಗುರುತು ಉಳಿದುಕೊಂಡಿತ್ತು.

ಮಲೆನಾಡಿನಲ್ಲಿ ದನ ಸಾಕಿದ್ದು ಹಾಲಿಗಾಗಿ ಅಲ್ಲ. ಗಿಡ್ಡ ಹಸು ದಿನಕ್ಕೆ ಒಂದೆರಡು ಸೇರು ಕೊಟ್ಟರೆ ಹೆಚ್ಚು. ಸಾಕಿದ್ದು ಗೊಬ್ಬರಕ್ಕಾಗಿ. ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪು, ದರಗು ತಂದು ಕೊಟ್ಟಿಗೆಗೆ ಹಾಸಿ, ದನ ತುಳಿದು ಸೆಗಣಿ ಗಂಜಳದಲ್ಲಿ ಕಳಿತ ಮೇಲೆ ಅದು ತೋಟಕ್ಕೆ ಹೋಗಬೇಕು. ಪಕ್ಕದ ಸಿದ್ದಾಪುರ, ಶಿರಸಿ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಹಕ್ಕು ಕೊಟ್ಟಿದ್ದು ಇದೇ ಲೆಕ್ಕದ ಮೇಲೆ. ದನ ಇಲ್ಲದಿದ್ದರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದಿದ್ದರೆ ಅಡಿಕೆ ಇಲ್ಲ, ಅಡಿಕೆ ಇಲ್ಲದಿದ್ದರೆ ರಾಜನಿಗೆ ಕಂದಾಯ ಇಲ್ಲ. ಆದರೆ ಸುರಿಯುವ ಮಳೆಯಲ್ಲಿ, ಉಣುಗು ಜಿಗಣೆಗಳ ಕಾಡಿನಲ್ಲಿ ದೊಡ್ಡ ಮೈಯ ಎತ್ತು ಹುಟ್ಟಿ ಬೆಳೆಯುವುದಿಲ್ಲ. ಮೂರಡಿ ಎತ್ತರದ ಗಿಡ್ಡ ಮಾತ್ರ ಬದುಕುತ್ತದೆ. ಘಟ್ಟದ ಕೆಳಗೂ ಅದೇ ಕತೆ, ಕರಾವಳಿಯ ದನವೂ ಸಣ್ಣದು. ಹಾಗಾಗಿ ದುಡಿಯುವ ದೊಡ್ಡ ಎತ್ತು ಬೇಕೆಂದರೆ ಮೇಲಿನವರೂ ಕೆಳಗಿನವರೂ ಮೂಡಲು ಸೀಮೆಯ ಕಡೆಗೇ ನೋಡಬೇಕಿತ್ತು. ಒಂದು ಸೀಮೆಯಲ್ಲಿ ಹುಟ್ಟಿ, ಇನ್ನೊಂದರಲ್ಲಿ ದುಡಿದು, ಮತ್ತೊಂದರಲ್ಲಿ ಕೊನೆಯಾಗುವುದು ಎತ್ತಿನ ಜೀವನದ ಸಹಜ ಕ್ರಮವಾಗಿತ್ತು.

ಕೆಳದಿ ಅರಸರ ಕಾಲದಲ್ಲಿ ಘಟ್ಟ ಒಂದು ಗಡಿಯೇ ಆಗಿರಲಿಲ್ಲ. ಕೆಳದಿ, ಇಕ್ಕೇರಿ, ಆಮೇಲೆ ಬಿದನೂರು, ಅಂದರೆ ಇವತ್ತಿನ ನಗರ, ಇವೆಲ್ಲ ಘಟ್ಟದ ಮೇಲಿನ ರಾಜಧಾನಿಗಳು. ಆಳಿದ್ದು ಮಾತ್ರ ಕರಾವಳಿಯ ಬಂದರುಗಳನ್ನೂ ಸೇರಿಸಿ. ಮೇಲಿನಿಂದ ಮೆಣಸು, ಅಡಿಕೆ ಇಳಿಯುತ್ತಿತ್ತು, ಕೆಳಗಿನಿಂದ ಉಪ್ಪು, ತೆಂಗು ಹತ್ತುತ್ತಿತ್ತು. ಗಾಡಿ ಹೋಗದ ಈ ದಾರಿಗಳಲ್ಲಿ ಹೊರುವುದಕ್ಕೆ ಇದ್ದದ್ದು ಆಳಿನ ತಲೆ, ಇಲ್ಲವೆ ಹೇರೆತ್ತಿನ ಬೆನ್ನು. ಸುಂಕದಕಟ್ಟೆಯಲ್ಲಿ ಲೆಕ್ಕವೂ ‘ಹೇರಿಗೆ ಇಷ್ಟು’ ಎಂದೇ. ನಮ್ಮ ಕಡೆಯ ಹಳೆಯ ಶಾಸನಗಳಲ್ಲಿ ಹೇರು ಎಂಬ ಪದ ಮತ್ತೆ ಮತ್ತೆ ಬರುವುದು ಇದಕ್ಕೇ. ಎತ್ತಿನ ಬೆನ್ನೇ ಆ ಕಾಲದ ಅಳತೆಗೋಲು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ರಾಯಭಾರದ ಮಾತುಕತೆ ಮೆಣಸಿನದು. ಆದರೆ ಅವನ ಕಣ್ಣಿಗೆ ಬಿದ್ದದ್ದು ಮನೆಗಳ ಸೆಗಣಿ ಸಾರಿಸಿದ ನೆಲ. ಎಷ್ಟು ನಯ, ಎಷ್ಟು ಚೊಕ್ಕಟ ಎಂದು ಮೆಚ್ಚಿ, ಊರಿಗೆ ಹೋದ ಮೇಲೆ ಇಟಲಿಯಲ್ಲೂ ಇದನ್ನು ಮಾಡಿ ನೋಡಬೇಕು ಎಂದು ಕಾಗದದಲ್ಲಿ ಬರೆದುಕೊಂಡ. ಗಡಿ ದಾಟಿ ಬಂದವನೊಬ್ಬ ನಮ್ಮ ದನವನ್ನು ಹೀಗೂ ನೋಡಿದ್ದ.

ಹಾಗೆಂದು ಆ ಕಾಲವೆಲ್ಲ ಬರೀ ಸೌಹಾರ್ದ ಎಂದು ನಾನು ಹೇಳುತ್ತಿಲ್ಲ. ಭಟ್ಕಳದಲ್ಲಿ ಇಂಗ್ಲಿಷರ ಒಂದು ವ್ಯಾಪಾರದ ಕೋಠಿ ಇತ್ತು. 1637ರಲ್ಲಿ ಅವರ ಕಡೆಯವರೂ ಇಕ್ಕೇರಿಗೆ ಬಂದು ಮೆಣಸಿಗೆ ಮಾತಾಡಿಕೊಂಡು ಹೋಗಿದ್ದರು. 1670ರ ಸುಮಾರಿಗೆ ಹಡಗಿನಲ್ಲಿ ಬಂದ ಬೇಟೆನಾಯಿಯೊಂದು ದೇವಸ್ಥಾನಕ್ಕೆ ಬಿಟ್ಟ ಹಸುವನ್ನು ಕೊಂದಿತು, ಸಿಟ್ಟಿಗೆದ್ದ ಊರವರು ಕೋಠಿಯ 18 ಇಂಗ್ಲಿಷರನ್ನು ಕೊಂದರು ಎಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ನಾವಿಕ ವ್ಯಾಪಾರಿ 1727ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಭಟ್ಕಳದಲ್ಲಿ ಸಿಕ್ಕ ಇಂಗ್ಲಿಷರ ಗೋರಿಗಳ ಮೇಲಿರುವುದು ಮಾತ್ರ 1637, 1638ರ ತಾರೀಖು. ಹಾಗಾಗಿ ಈ ಕತೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಆದರೂ ಹ್ಯಾಮಿಲ್ಟನ್ ಇದನ್ನು ಹೇಳಿದ, ಜನ ನಂಬಿದರು. ಮೆಣಸಿನ ವಿಷಯದಲ್ಲಿ ಎಷ್ಟೇ ಒಪ್ಪಂದ ಆಗಲಿ, ಹಸುವಿನ ವಿಷಯದಲ್ಲಿ ಮುರಿದುಬೀಳಬಹುದು ಎಂಬ ಅರಿವು ಈ ದಾರಿಯಲ್ಲಿ ವ್ಯಾಪಾರ ಮಾಡಿದವರಿಗೆಲ್ಲ ಮೂರೂವರೆ ಶತಮಾನದ ಹಿಂದೆಯೇ ಇತ್ತು.

1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಆಗಲೂ ಘಟ್ಟದ ಮೇಲೆ ಕೆಳಗೆ ಒಂದೇ ಆಳ್ವಿಕೆ ಉಳಿಯಿತು. ಮೈಸೂರಿಗೆ ದನ ಎಂದರೆ ಸೈನ್ಯ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ‘ಅಮೃತಮಹಲ್’ ಎಂದು ಕರೆದ. ತೋಪಿನ ಗಾಡಿ ಎಳೆಯುವ ಆ ಎತ್ತುಗಳಿಗಾಗಿ ತರೀಕೆರೆ, ಬೀರೂರು, ಅಜ್ಜಂಪುರದ ಕಡೆ ಕಾವಲುಗಳನ್ನೇ ಮೀಸಲಿಟ್ಟಿದ್ದರು. ಟಿಪ್ಪು ಸತ್ತ ಮೇಲೆ ಬ್ರಿಟಿಷರು ಆ ಮಂದೆಗಳನ್ನು ತಾವೇ ನೋಡಿಕೊಂಡರು. 1860ರಲ್ಲಿ ಖರ್ಚು ಉಳಿಸಲೆಂದು ಮಾರಿ ಕೈತೊಳೆದುಕೊಂಡವರು ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ದನದ ಹಿಂಡು ಒಮ್ಮೆ ಚದುರಿದರೆ ಕೂಡಿಸುವುದು ಎಷ್ಟು ಕಷ್ಟ ಎಂಬುದನ್ನು ಸರ್ಕಾರಗಳು ಆಗಲೇ ಕಲಿತಿದ್ದವು.

ಘಟ್ಟ ನಿಜವಾಗಿ ಗಡಿಯಾದದ್ದು 1799ರಲ್ಲಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಕಂಪನಿಯ ಪಾಲಾಯಿತು, ನಗರದ ಸೀಮೆ ಮೈಸೂರು ಅರಸರಿಗೆ ಬಂತು. ನೂರಾರು ವರ್ಷ ಒಂದಾಗಿದ್ದ ಮೇಲು–ಕೆಳಗು ಎರಡು ಸರ್ಕಾರಗಳಿಗೆ ಹಂಚಿಹೋಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕರಾವಳಿ ಸುತ್ತಿ, ಸೋಂದೆ, ಬನವಾಸಿಯ ಮೇಲೆ ಹಾದು ಇಕ್ಕೇರಿ, ಸಾಗರ, ನಗರಕ್ಕೆ ಬಂದಾಗ ಈ ಗಡಿಗೆ ಎರಡು ವರ್ಷ. ನಗರದಿಂದ ಮೆಣಸು, ಅಡಿಕೆ, ಗಂಧ, ಏಲಕ್ಕಿ ಹೊರಗೆ ಹೋಗುತ್ತದೆ, ಉಪ್ಪು, ಅಕ್ಕಿ, ತೆಂಗು, ಎಣ್ಣೆ, ಅರಿಸಿನ, ಬಟ್ಟೆ ಒಳಗೆ ಬರುತ್ತದೆ ಎಂದು ಅವನು ಬರೆದುಕೊಂಡಿದ್ದಾನೆ. ಅಂದರೆ ಆಳುವವರು ಬೇರೆಯಾದರೂ ಘಟ್ಟದ ದಾರಿಯಲ್ಲಿ ಕೊಡುಕೊಳ್ಳುವುದು ನಿಂತಿರಲಿಲ್ಲ.

1831ರಲ್ಲಿ, ನಗರದ ರೈತರ ದಂಗೆಯ ಬೆನ್ನಿಗೆ, ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡಾಗಲೂ ಸೀಮೆಯಲ್ಲಿ ಗಾಡಿ ಅಪರೂಪ. ಸರಕೆಲ್ಲ ಹೇರೆತ್ತು, ಕತ್ತೆಗಳ ಮೇಲೆ. ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಬಗೆಯ ಸಣ್ಣಪುಟ್ಟ ತೆರಿಗೆಗಳನ್ನು ತೆಗೆದುಹಾಕಿದರು, ರಸ್ತೆ ಮಾಡಿಸಿದರು. ಗಾಡಿ ಬಂದಂತೆ ಹೇರೆತ್ತು ಹಿಂದೆ ಸರಿಯಿತು, ಗಾಡಿ ಎಳೆಯುವ ದೊಡ್ಡ ಎತ್ತಿಗೆ ಬೇಡಿಕೆ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ಕುಂದಾಪುರ ದಕ್ಷಿಣ ಕನ್ನಡದೊಂದಿಗೆ ಮದ್ರಾಸಿನಲ್ಲಿ ಉಳಿಯಿತು. ಅಲ್ಲಿಂದ 1956ರ ನವೆಂಬರ್ 1ರವರೆಗೆ ನಮ್ಮ ಮೂರು ತಾಲ್ಲೂಕುಗಳ ಅಂಚಿನಲ್ಲಿ ಮೂರು ಸರ್ಕಾರಗಳು ಕೂಡುತ್ತಿದ್ದವು. ಸಾಗರದವನು ಭಟ್ಕಳಕ್ಕೆ ಇಳಿದರೆ ಮುಂಬಯಿ, ತೀರ್ಥಹಳ್ಳಿಯವನು ಹೆಬ್ರಿಗೆ ಇಳಿದರೆ ಮದ್ರಾಸು. ಎತ್ತು ತರಲು ಹಾವೇರಿಗೆ ಹೋದರೆ ಅದೂ ಮುಂಬಯಿ. ಘಟ್ಟದ ತೆಂಕಣ ತುದಿಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಷಷ್ಠಿ ಜಾತ್ರೆಗೂ ಮೈಸೂರು ಸೀಮೆಯ ದನಗಳು ಇಳಿದು ಬರುತ್ತಿದ್ದವು. ದನ ಕೊಂಡವರಿಗೆ ಸರ್ಕಾರ ಯಾವುದು ಎಂಬುದು ಮುಖ್ಯವಾಗಿರಲಿಲ್ಲ, ಹಲ್ಲು ಎಷ್ಟು ಎಂಬುದು ಮುಖ್ಯವಾಗಿತ್ತು.

ಈ ವ್ಯವಹಾರ ನಡೆದದ್ದು ಕಾಗದದ ಮೇಲಲ್ಲ. ಸಂತೆಯಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ದರ ಹೇಳುತ್ತಿದ್ದ. ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಕೂಡಿದ್ದು ಎಂದು ಬಾಯಿ ಬಿಡಿಸಿ ವಯಸ್ಸು ನೋಡುವುದು, ಮೈಮೇಲಿನ ಸುಳಿ ನೋಡುವುದು, ನಡೆಸಿ ನೋಡುವುದು. ದುಡ್ಡು ಪೂರ್ತಿ ಕೈಯಲ್ಲಿರುತ್ತಿರಲಿಲ್ಲ. ಅಡಿಕೆ ಕೊಯ್ಲಾದ ಮೇಲೆ ಉಳಿದದ್ದು ಎಂದು ಎತ್ತು ಬಿಟ್ಟು ಹೋದ ವ್ಯಾಪಾರಿಗಳನ್ನು ನಮ್ಮ ಮನೆಯವರು ನೆನೆಯುತ್ತಿದ್ದರು. ಪರವೂರಿನವನು, ಬೇರೆ ಜಾತಿಯವನು, ಬೇರೆ ಧರ್ಮದವನು, ಆದರೂ ಆರು ತಿಂಗಳ ಸಾಲದ ನಂಬಿಕೆ. ಊರೊಳಗೆ ಇನ್ನೊಂದು ಕ್ರಮ ಇತ್ತು. ಕಡಸನ್ನು ಪಾಲಿಗೆ ಸಾಕಲು ಕೊಡುವುದು. ಮೇವಿದ್ದವನು ಸಾಕುತ್ತಾನೆ, ಹುಟ್ಟಿದ ಕರುಗಳಲ್ಲಿ ಇಬ್ಬರಿಗೂ ಪಾಲು. ಹುಲ್ಲುಬನ್ನಿ ಇದ್ದ ಊರಿನವರಿಗೂ ದನ ಇದ್ದು ಹುಲ್ಲಿಲ್ಲದವರಿಗೂ ಇದರಿಂದ ನಡೆಯುತ್ತಿತ್ತು.

ಇನ್ನು ಮುದಿ ಎತ್ತು. ದುಡಿದು ಸೋತ ಎತ್ತನ್ನು ಕೊಳ್ಳಲು ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿಗೆ ಬರುತ್ತಿದ್ದವರು ಘಟ್ಟದ ಕೆಳಗಿನ ಸಾಬರೊಬ್ಬರು. “ಗೌಡ್ರೇ, ಈ ಮಳೆ ಕಳೀದು ಇದು” ಎನ್ನುವರು. ಅಜ್ಜ “ನೋಡಿ ಸಾಬ್ರೇ, ನಿಮಗೆ ಬಿಟ್ಟಿದ್ದು” ಎನ್ನುವರು. ಎಲ್ಲಿಗೆ ಒಯ್ಯುತ್ತೀರಿ ಎಂದು ಅಜ್ಜ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಕೊರಳ ಹಗ್ಗವನ್ನು ಮಾತ್ರ ಅಜ್ಜಿ ಬಿಚ್ಚಿ ಇಟ್ಟುಕೊಳ್ಳುತ್ತಿದ್ದರು. ಮನೆಯ ಹಗ್ಗ ದನದ ಜೊತೆ ಹೋಗಬಾರದು ಎಂದು. ಹೊಸ ಹಗ್ಗವನ್ನು ವ್ಯಾಪಾರಿ ತರುತ್ತಿದ್ದರು. ಎತ್ತು ಅಂಗಳ ದಾಟುವವರೆಗೆ ಅಜ್ಜಿ ಒಳಗೇ ಇರುತ್ತಿದ್ದರು. ಆ ಮೌನವನ್ನು ಕಪಟ ಎಂದು ಕರೆಯುವವರಿದ್ದಾರೆ. ದೀಪಾವಳಿಯಲ್ಲಿ ಗೋಪೂಜೆ ಮಾಡಿದವರೇ ಮಳೆಗೆ ಮುಂಚೆ ಮಾರಿದರಲ್ಲ ಎನ್ನುತ್ತಾರೆ. ನನಗೆ ಅದು ಬೇರೆ ರೀತಿ ಕಾಣುತ್ತದೆ. ಇಬ್ಬರ ನಂಬಿಕೆಗಳು ಬೇರೆ, ಇಬ್ಬರಿಗೂ ಬದುಕಬೇಕು. ಒಬ್ಬನ ನಂಬಿಕೆಗೆ ನೋವಾಗದ ಹಾಗೆ, ಇನ್ನೊಬ್ಬನ ಹೊಟ್ಟೆಗೆ ಕಲ್ಲು ಬೀಳದ ಹಾಗೆ ಮಾಡಿಕೊಂಡ ಒಪ್ಪಂದ ಅದು. ಮಾರಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಅಜ್ಜ ಬಯಲುಸೀಮೆಯ ಎಳೆಯ ಎತ್ತು ತರುತ್ತಿದ್ದರು. ಮುದಿ ಎತ್ತು ಮಾರದೆ ಹೊಸ ಎತ್ತು ಕೊಳ್ಳುವ ಶಕ್ತಿ ಮಲೆನಾಡಿನ ಸಣ್ಣ ಹಿಡುವಳಿದಾರನಿಗೆ ಇರಲಿಲ್ಲ.

ಜನರ ನಡುವಿನ ಸಹಕಾರ ಹೀಗಿದ್ದರೆ ಸರ್ಕಾರಗಳನ್ನು ಒಟ್ಟಿಗೆ ತಂದದ್ದು ರೋಗ. ನಮ್ಮ ಕಡೆ ‘ದೊಡ್ಡರೋಗ’ ಎಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಬಂದರೆ ವಾರದೊಳಗೆ ಕೊಟ್ಟಿಗೆ ಖಾಲಿ. ಅದು ದನದ ಜೊತೆಗೇ ಗಡಿ ದಾಟುತ್ತಿತ್ತು. ಇಂಡಿಯಾದ ದನಗಳ ಪಿಡುಗಿನ ಬಗ್ಗೆ ಆಯೋಗವೊಂದು 1871ರಲ್ಲೇ ವರದಿ ಕೊಟ್ಟಿತ್ತು. ಮೈಸೂರು ಸರ್ಕಾರ 1925ರ ಹೊತ್ತಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ಕಟ್ಟಿತು. 1954ರಲ್ಲಿ ದೇಶದ ಮಟ್ಟದ ನಿರ್ಮೂಲನಾ ಕಾರ್ಯಕ್ರಮ ಶುರುವಾಯಿತು. ಒಂದು ರಾಜ್ಯ ಲಸಿಕೆ ಹಾಕಿ ಪಕ್ಕದ ರಾಜ್ಯ ಬಿಟ್ಟರೆ ಪ್ರಯೋಜನ ಇಲ್ಲ ಎಂಬುದು ಬಲುಬೇಗ ಗೊತ್ತಾಯಿತು. ಹಾಗಾಗಿ ರಾಜ್ಯಗಳ ಗಡಿಯುದ್ದಕ್ಕೂ ದನಗಳಿಗೆಲ್ಲ ಲಸಿಕೆ ಹಾಕಿದ ಒಂದು ಪಟ್ಟಿಯನ್ನೇ ಉಳಿಸಿಕೊಂಡರು, ಚೆಕ್‌ಪೋಸ್ಟುಗಳಲ್ಲಿ ಹಾದುಹೋಗುವ ದನಕ್ಕೆ ಸೂಜಿ ಚುಚ್ಚಿ ಬಿಟ್ಟರು. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ. 2006ರಲ್ಲಿ ಭಾರತ, 2011ರಲ್ಲಿ ಇಡೀ ಲೋಕ ಈ ರೋಗದಿಂದ ಮುಕ್ತ ಎಂದು ಘೋಷಣೆಯಾಯಿತು. ಮನುಷ್ಯ ಭೂಮಿಯಿಂದ ಪೂರ್ತಿ ಅಳಿಸಿದ ರೋಗಗಳು ಎರಡೇ, ಸಿಡುಬು ಮತ್ತು ಇದು. ಒಂದು ಕಾಲದಲ್ಲಿ ಗಡಿಯ ಚೆಕ್‌ಪೋಸ್ಟ್ ಎಂದರೆ ದನ ಮುಂದೆ ಹೋಗಲಿ, ಆದರೆ ರೋಗ ಹೋಗದಿರಲಿ ಎಂದು ಇದ್ದ ಜಾಗ ಎಂಬುದನ್ನು ಇಲ್ಲಿ ನೆನಪಿಡಬೇಕು.

ಕಾನೂನಿನ ಕತೆ ಇನ್ನೊಂದು ದಾರಿ ಹಿಡಿಯಿತು. ಮೈಸೂರಿನಲ್ಲಿ 1948ರಲ್ಲೇ ಗೋಹತ್ಯೆ ತಡೆಯುವ ಕಾಯ್ದೆ ಬಂದಿತ್ತು. 1956ರಲ್ಲಿ ಒಂದಾದ ರಾಜ್ಯದಲ್ಲಿ ಒಂದೊಂದು ಸೀಮೆಗೆ ಒಂದೊಂದು ಕಾನೂನು ಇದ್ದುದನ್ನು 1964ರ ಕಾಯ್ದೆ ಒಟ್ಟು ಮಾಡಿತು. ಅದರ ಪ್ರಕಾರ ಹಸು, ಹಸುವಿನ ಕರು, ಎಮ್ಮೆಯ ಕರು ಕಡಿಯುವಂತಿಲ್ಲ. ಆದರೆ 12 ವರ್ಷ ದಾಟಿದ ಅಥವಾ ದುಡಿಯಲಾರದ ಎತ್ತು, ಕೋಣಕ್ಕೆ ಪ್ರಮಾಣಪತ್ರ ಪಡೆದು ಅವಕಾಶ ಇತ್ತು. ಅಜ್ಜ ಮತ್ತು ವ್ಯಾಪಾರಿ ಬಾಯಿಬಿಡದೆ ಮಾಡಿಕೊಂಡಿದ್ದ ಒಪ್ಪಂದವನ್ನೇ ಸರ್ಕಾರ ಬರೆದಿಟ್ಟಂತಿತ್ತು ಅದು. 2010ರಲ್ಲಿ ಬಿಗಿಯಾದ ಮಸೂದೆಯೊಂದು ಸದನದಲ್ಲಿ ಪಾಸಾಗಿ, ರಾಷ್ಟ್ರಪತಿಗಳ ಅಂಕಿತ ಸಿಗದೆ ಉಳಿದು, 2013ರಲ್ಲಿ ವಾಪಸಾಯಿತು. 2021ರ ಜನವರಿಯಲ್ಲಿ ಜಾರಿಗೆ ಬಂದ ಈಗಿನ ಕಾನೂನಿನಲ್ಲಿ ಎತ್ತಿಗೆ ಯಾವ ವಯಸ್ಸಿನ ರಿಯಾಯಿತಿಯೂ ಇಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಇದೆ. ತಪ್ಪಿದವರಿಗೆ ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ.

ಅದೇ ಸಮಯದಲ್ಲಿ ಗೋವಾದಲ್ಲಿ ಮಾಂಸಕ್ಕೆ ತತ್ವಾರ ಬಂತು. ಅಲ್ಲಿಗೆ ಬೆಳಗಾವಿ ಕಡೆಯಿಂದ ಹೋಗುತ್ತಿದ್ದುದು ನಿಂತಿತ್ತು. ಎರಡೂ ಕಡೆ ಒಂದೇ ಪಕ್ಷದ ಸರ್ಕಾರ. ಆದರೂ ಗೋವಾದ ಮುಖ್ಯಮಂತ್ರಿ ಬೇರೆ ರಾಜ್ಯಗಳಿಂದ ತರಿಸುವ ವ್ಯವಸ್ಥೆ ಮಾಡುವುದಾಗಿ ಹೇಳಬೇಕಾಯಿತು. ತೆಂಕಣದ ಕೇರಳದಲ್ಲಿ ಇಂಥ ನಿಷೇಧವೇ ಇಲ್ಲ. ಒಂದೇ ಎತ್ತಿಗೆ ಗಡಿಯ ಈಚೆ ಒಂದು ಧರ್ಮ, ಆಚೆ ಒಂದು ಧರ್ಮ.

ಈ ಅಂತರದಲ್ಲಿ ಹುಟ್ಟಿದ್ದು ಭಯ. 2005ರಲ್ಲಿ ಆದಿ ಉಡುಪಿಯಲ್ಲಿ ದನದ ವ್ಯಾಪಾರಿ ತಂದೆ ಮಗನನ್ನು ಬೆತ್ತಲೆ ಮಾಡಿ ಹೊಡೆದರು. 2016ರ ಆಗಸ್ಟ್‌ನಲ್ಲಿ ಹೆಬ್ರಿಯ ಸಮೀಪ, ನಮ್ಮ ಆಗುಂಬೆ ಘಟ್ಟದ ಬುಡದಲ್ಲೇ, ದನ ಸಾಗಿಸುತ್ತಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ಅವನು ಹಿಂದೂ, ಬಿಜೆಪಿಯ ಕಾರ್ಯಕರ್ತ. ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಡಬಾರದು. ಮೇಯಲು ಬಿಟ್ಟ ದನವನ್ನು ರಾತ್ರಿ ವಾಹನಕ್ಕೆ ತುಂಬಿಕೊಂಡು ಹೋಗುವ ಕಳ್ಳತನ ನಮ್ಮ ತಾಲ್ಲೂಕುಗಳಲ್ಲಿ ನಿಜವಾಗಿ ನಡೆಯುತ್ತದೆ. ಕರೆಯುವ ಹಸು ಕಳೆದುಕೊಂಡ ಮನೆಯ ಹೆಂಗಸರ ಅಳು ನಾನು ಕೇಳಿದ್ದೇನೆ. ಆದರೆ ಹಗಲಿನ ವ್ಯಾಪಾರ ಮುಚ್ಚಿದಾಗ ಲಾಭ ಆಗುವುದು ರಾತ್ರಿಯ ಕಳ್ಳನಿಗೆ. ಅಂಗಳಕ್ಕೆ ಬಂದು ಹೊಸ ಹಗ್ಗ ಕಟ್ಟುತ್ತಿದ್ದ ವ್ಯಾಪಾರಿಗೆ ಹೆಸರಿತ್ತು, ಊರಿತ್ತು, ಸಾಲದ ಮಾತಿತ್ತು. ಅವರು ಬರುವುದು ಬಿಟ್ಟ ಮೇಲೆ ಉಳಿದದ್ದು ಯಾರೆಂದು ತಿಳಿಯದ ವಾಹನಗಳು.

ದನ ಕಡಿಮೆಯಾದದ್ದಕ್ಕೆ ಕಾನೂನೊಂದನ್ನೇ ದೂರುವುದು ಸರಿಯಲ್ಲ. 2012ರ ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 95 ಲಕ್ಷ ದನಗಳಿದ್ದವು, 2019ರಲ್ಲಿ ಸುಮಾರು 85 ಲಕ್ಷ. ಹೊಸ ಕಾನೂನು ಬರುವ ಮೊದಲೇ ಹತ್ತು ಲಕ್ಷ ಹೋಗಿತ್ತು. ಗದ್ದೆಗೆ ಟಿಲ್ಲರ್ ಬಂತು, ಡೈರಿಗೆ ಜರ್ಸಿ ಬಂತು, ಗೋಮಾಳ ಹೋಯಿತು, ಮೇಯಿಸುವ ಹುಡುಗರು ಶಾಲೆಗೆ, ಬೆಂಗಳೂರಿಗೆ ಹೋದರು. ಹೊಸನಗರದ ರಾಮಚಂದ್ರಾಪುರ ಮಠದಲ್ಲಿ 2007ರ ಏಪ್ರಿಲ್‌ನಲ್ಲಿ ವಿಶ್ವ ಗೋ ಸಮ್ಮೇಳನ ನಡೆದಾಗ ದೇಸಿ ತಳಿಗಳ ಬಗ್ಗೆ ಜನರಿಗೆ ಹೊಸ ಆಸೆ ಹುಟ್ಟಿತ್ತು. 2012ರಲ್ಲಿ ಮಲೆನಾಡು ಗಿಡ್ಡಕ್ಕೆ ಪ್ರತ್ಯೇಕ ತಳಿ ಎಂಬ ಮಾನ್ಯತೆಯೂ ಸಿಕ್ಕಿತು. ಒಳ್ಳೆಯದೇ. ಆದರೆ ಗೋಶಾಲೆಯಲ್ಲಿ ಒಂದು ತಳಿ ಉಳಿಯುವುದು ಬೇರೆ, ಸಣ್ಣ ರೈತನ ಕೊಟ್ಟಿಗೆಯಲ್ಲಿ ಉಳಿಯುವುದು ಬೇರೆ. ಕೊಟ್ಟಿಗೆಯಲ್ಲಿ ಉಳಿಯಬೇಕಾದರೆ ಹುಟ್ಟಿದ ಗಂಡುಕರುವಿಗೆ ಏನು ಗತಿ, ಸೋತ ದನಕ್ಕೆ ಏನು ಗತಿ ಎಂಬ ಪ್ರಶ್ನೆಗೆ ಉತ್ತರ ಬೇಕು. ಈಗ ಆ ಉತ್ತರ ಇಲ್ಲದಿರುವುದರಿಂದ ಜನ ಮೂರನೆಯ ದಾರಿ ಹಿಡಿದಿದ್ದಾರೆ. ಸಾಕುವುದನ್ನೇ ಬಿಟ್ಟಿದ್ದಾರೆ. ಇಲ್ಲವೆ ಗಂಡುಕರುವನ್ನು ಪೇಟೆಯ ಬದಿಗೋ ಕಾಡಿನ ಬದಿಗೋ ಬಿಟ್ಟು ಬರುತ್ತಾರೆ.

ನಾನು ಮಾಂಸ ತಿನ್ನುವವರ ಪರವಾಗಿಯೋ ತಿನ್ನದವರ ಪರವಾಗಿಯೋ ವಾದ ಹೂಡಲು ಇದನ್ನು ಬರೆಯಲಿಲ್ಲ. ಈ ಮೂರು ತಾಲ್ಲೂಕುಗಳ ಐದು ಶತಮಾನವನ್ನು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ದನ ಇಲ್ಲಿ ಉಳಿದದ್ದು ಅದು ಚಲಿಸುತ್ತಿದ್ದುದರಿಂದ. ಬಯಲಿನಿಂದ ಮಲೆಗೆ, ಮಲೆಯಿಂದ ಕರಾವಳಿಗೆ, ಗೌಡರ ಕೊಟ್ಟಿಗೆಯಿಂದ ಸಾಬರ ಕೈಗೆ, ಒಂದು ಸರ್ಕಾರದಿಂದ ಇನ್ನೊಂದಕ್ಕೆ. ಪ್ರತಿ ಗಡಿಯಲ್ಲೂ ಯಾರೋ ಇಬ್ಬರು ಒಬ್ಬರನ್ನೊಬ್ಬರು ನಂಬಿದ್ದರು. ಸುಂಕದಕಟ್ಟೆಯವನು ‘ಎಷ್ಟು ಹೇರು’ ಎಂದು ಕೇಳುತ್ತಿದ್ದ. ಪಶುವೈದ್ಯರು ‘ಲಸಿಕೆ ಆಗಿದೆಯೇ’ ಎಂದು ಕೇಳುತ್ತಿದ್ದರು. ಎರಡೂ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆ ದನ ಮುಂದೆ ಹೋಗುತ್ತಿತ್ತು. ಈಗ ಘಟ್ಟದ ತಿರುವಿನಲ್ಲಿ ಟಾರ್ಚು ಹಾಕಿ ನಿಲ್ಲಿಸುವವರು ಕೇಳುವುದು ‘ನೀನು ಯಾರು’ ಎಂದು. ಆ ಪ್ರಶ್ನೆಗೆ ಅಂಜಿ ವ್ಯಾಪಾರಿ ಬರುವುದು ಬಿಟ್ಟರು, ರೈತ ಕಟ್ಟುವುದು ಬಿಟ್ಟ. ನಮ್ಮೂರಲ್ಲಿ ಈಗ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಇದೆ, ಅದರಲ್ಲಿ ಅಡಿಕೆ ಸುಲಿಯುವ ಮಿಷನ್ ಇದೆ. ತೋಟಕ್ಕೆ ಬೇಕಾದ ಗೊಬ್ಬರ ಲಾರಿಯಲ್ಲಿ ಬರುತ್ತದೆ, ಬಯಲುಸೀಮೆಯಿಂದ.